ಪ್ರತಿಭೆ ಸಮಾಜದ್ದೋ, ಊರಿನದೋ?

ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಬಂದು, ಸಿಇಟಿ ರ‍್ಯಾಂಕ್ ಪಟ್ಟಿ ಹೊರಬಿದ್ದಿತೆಂದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿ ಪ್ರತಿಭಾ ಪುರಸ್ಕಾರದ ಹಂಗಾಮು ಶುರುವಾಗುತ್ತದೆ. ನೇಕಾರರ ಸಮಾಜಗಳು ತಮ್ಮ ಮಕ್ಕಳನ್ನು ಕರೆದು ಶಾಲು ಹೊದಿಸುತ್ತವೆ, ಜೈನ ಸಮಾಜ ತನ್ನ ಮಕ್ಕಳನ್ನು ಕರೆಯುತ್ತದೆ, ಅಂಜುಮನ್ ಸಂಸ್ಥೆಗಳು ಮುಸ್ಲಿಂ ಮಕ್ಕಳನ್ನು, ದಲಿತ ಸಂಘಟನೆಗಳು ತಮ್ಮ ಓಣಿಗಳ ಮಕ್ಕಳನ್ನು. ಓದಿನ ಮೊದಲ ತಲೆಮಾರಿನ ಮನೆಯವರಿಗೆ ಈ ಒಂದು ಸಂಜೆ ಬಹಳ ದೊಡ್ಡದು. ಮಗಳ ಹೆಸರನ್ನು ಮೈಕಿನಲ್ಲಿ ಕೂಗಿದ್ದನ್ನು ಕೇಳಿದ ತಾಯಿ ಮರುವರ್ಷ ಅವಳನ್ನು ಓದು ಬಿಡಿಸಲು ಹತ್ತು ಸಲ ಯೋಚಿಸುತ್ತಾಳೆ. ಹಾಗಾಗಿ ಈ ಕಾರ್ಯಕ್ರಮಗಳನ್ನು ಹಗುರವಾಗಿ ಕಾಣುವ ಮಾತೇ ಇಲ್ಲ. ನನ್ನ ತಕರಾರು ಅವು ನಡೆಯುವ ಬಗೆಯ ಮೇಲೆ. ಸಭೆಯಲ್ಲಿ ಕೂತವರೆಲ್ಲ ಒಂದೇ ಸಮಾಜದವರು, ವೇದಿಕೆಯ ಮೇಲಿರುವವರೂ ಬಹುಮಟ್ಟಿಗೆ ಅದೇ ಸಮಾಜದವರು. ಸಂಖ್ಯೆಯಲ್ಲಿ ದೊಡ್ಡದಾದ ಸಮಾಜಕ್ಕೆ ಇದರಿಂದ ನಷ್ಟವಿಲ್ಲ, ಅದರ ಸುದ್ದಿ ತಾನಾಗಿಯೇ ಊರ ಸುದ್ದಿಯಾಗುತ್ತದೆ. ಸಂಖ್ಯೆಯಲ್ಲಿ ಸಣ್ಣದಾದ ಸಮಾಜದ ಮಗುವಿನ ಗೆಲುವು ಮಾತ್ರ ಓಣಿ ದಾಟುವುದಿಲ್ಲ. ಅಲ್ಪಸಂಖ್ಯಾತರ ಸಾಧನೆಯನ್ನು ಅವರವರೇ ಕೊಂಡಾಡಿದರೆ ಸಾಲದು, ಇಡೀ ಊರು ಕೊಂಡಾಡಬೇಕು. ಕೊಂಡಾಡುವಾಗ ಆ ಮಗು ನಡೆದು ಬಂದ ದಾರಿಯನ್ನೂ ಬರೆದಿಡಬೇಕು ಎಂಬುದು ನನ್ನ ವಾದ.

ಈ ಸೀಮೆಗೆ ಇದು ಹೊಸ ಪಾಠವೇನಲ್ಲ. ಕ್ರಿ.ಶ. 949ರಲ್ಲಿ ಮುಧೋಳ ಸೀಮೆಯ ಬಳೆಗಾರರ ಮನೆಯಲ್ಲಿ ಒಬ್ಬ ಹುಡುಗ ಹುಟ್ಟಿದ. ಜೈನ ಮನೆತನ, ಬಳೆ ಮಾರುವ ಕಸುಬು. ಓದುವ ಹಂಬಲ ಅವನನ್ನು ಹುಟ್ಟಿದ ಸೀಮೆಯಿಂದ ದೂರ, ತೆಂಕಣ ನಾಡಿನವರೆಗೆ ಒಯ್ದಿತು. ಅಜಿತಸೇನಾಚಾರ್ಯರು ಕಲಿಸಿದರು, ಚಾವುಂಡರಾಯ ಆಸರೆ ಕೊಟ್ಟ, ದಾನಚಿಂತಾಮಣಿ ಅತ್ತಿಮಬ್ಬೆ ಪೋಷಿಸಿದಳು, ಚಾಲುಕ್ಯ ಅರಸ ತೈಲಪ ಕವಿಚಕ್ರವರ್ತಿ ಎಂದು ಗೌರವಿಸಿದ. ಆ ಹುಡುಗನೇ ರನ್ನ. ಅವನ ಕಥೆಯನ್ನು ಪ್ರತಿಭೆಯ ಕಥೆ ಎಂದಷ್ಟೇ ಓದುತ್ತ ಬಂದಿದ್ದೇವೆ. ಗುರು, ಆಶ್ರಯ, ಖರ್ಚು ನೋಡಿಕೊಂಡವರು, ಕೊನೆಗೆ ಗುರುತಿಸಿದ ಅಧಿಕಾರ ಇವೆಲ್ಲ ಒಂದರ ಹಿಂದೆ ಒಂದು ಒದಗಿ ಬಂದದ್ದರಿಂದ ಬಳೆಗಾರರ ಹುಡುಗ ಕವಿಯಾದ ಎಂಬುದನ್ನು ಗಮನಿಸುವುದು ಕಡಿಮೆ. ಇಂದು ಅವನು ಬಳೆಗಾರರಿಗಾಗಲಿ ಜೈನರಿಗಾಗಲಿ ಮಾತ್ರ ಸೇರಿದವನಲ್ಲ. ಮುಧೋಳ ತಾಲ್ಲೂಕಿನ ಬೆಳಗಲಿ ರನ್ನ ಬೆಳಗಲಿ ಎಂದೇ ಹೆಸರಾಗಿದೆ. ಒಂದು ಊರು ತನ್ನ ಹೆಸರಿನ ಮುಂದೆಯೇ ಒಬ್ಬ ಸಾಧಕನ ಹೆಸರನ್ನು ಇಟ್ಟುಕೊಳ್ಳುವುದಕ್ಕಿಂತ ದೊಡ್ಡ ಸನ್ಮಾನ ಯಾವುದಿದೆ?

ಕಾವ್ಯದಲ್ಲಿ ಒಪ್ಪಿಕೊಂಡದ್ದನ್ನು ವಿಜ್ಞಾನದಲ್ಲಿ, ಯಂತ್ರವಿದ್ಯೆಯಲ್ಲಿ ನಾವು ಅಷ್ಟು ಸಲೀಸಾಗಿ ಒಪ್ಪಿಕೊಂಡಿಲ್ಲ. ಕನ್ನಡದಲ್ಲಿ ಗಣಿತವನ್ನು ಮೊದಲಿಗೆ ಬರೆದವರ ಸಾಲಿನಲ್ಲಿ ನಿಲ್ಲುವ 12ನೇ ಶತಮಾನದ ರಾಜಾದಿತ್ಯ ಜೈನ. ಅವನ ಊರು ಪೂವಿನಬಾಗೆ. ತೇರದಾಳಕ್ಕೆ ಹತ್ತಿರದ ಇಂದಿನ ರಾಯಬಾಗವೇ ಅದು ಎಂದು ಗುರುತಿಸುವುದುಂಟು. ಅವನ ‘ವ್ಯವಹಾರಗಣಿತ’ ಪೇಟೆಯ ಲೆಕ್ಕ, ಅಳತೆ, ತೂಕ, ಬಡ್ಡಿಗಳ ಪುಸ್ತಕ. ಬಡ್ಡಿ ಕಟ್ಟುವವನಿಗೂ ವಸೂಲು ಮಾಡುವವನಿಗೂ, ಯಾವ ಧರ್ಮದವನಾದರೂ ಸರಿ, ಅದು ಬೇಕಾದ ವಿದ್ಯೆ. ಅದಕ್ಕೂ ಮುಂಚೆ, 9ನೇ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ ‘ಗಣಿತಸಾರಸಂಗ್ರಹ’ ಬರೆದ ಮಹಾವೀರಾಚಾರ್ಯನೂ ಜೈನ. ಕೃಷ್ಣೆಯ ಆಚೆ ದಂಡೆಯ ವಿಜಯಪುರದಲ್ಲಿ ಹೊರವ್ಯಾಸ ಸುಮಾರು 44 ಮೀಟರ್ ಇರುವ ಗೋಲಗುಮ್ಮಟದ ಗುಮ್ಮಟ ನಡುವೆ ಒಂದು ಕಂಬದ ಆಸರೆಯೂ ಇಲ್ಲದೆ 17ನೇ ಶತಮಾನದಿಂದ ನಿಂತಿದೆ. ಆದಿಲಶಾಹಿಗಳು ಆ ಊರಿಗೆ ದೂರದಿಂದ ನೀರು ತಂದ ಕಾಲುವೆ, ಸುರಂಗ, ನೀರಗೋಪುರಗಳ ಏರ್ಪಾಡನ್ನು ಇಂದಿನ ಎಂಜಿನಿಯರುಗಳೂ ಅಭ್ಯಾಸ ಮಾಡುತ್ತಾರೆ. ಇವನ್ನೆಲ್ಲ ಪ್ರವಾಸಿ ತಾಣ, ಹಳೆಯ ಗ್ರಂಥ ಎಂದು ಬದಿಗಿಟ್ಟಿದ್ದೇವೆಯೇ ಹೊರತು, ಇಲ್ಲಿ ಲೆಕ್ಕ ಬಲ್ಲವರ, ಕಟ್ಟಬಲ್ಲವರ ಒಂದು ಪರಂಪರೆಯಿತ್ತು, ಅದರಲ್ಲಿ ಸಂಖ್ಯೆಯಲ್ಲಿ ಕಡಿಮೆ ಇದ್ದವರ ಪಾಲು ದೊಡ್ಡದಿತ್ತು ಎಂದು ಶಾಲೆಯ ಮಕ್ಕಳಿಗೆ ಹೇಳುವುದಿಲ್ಲ.

ಹಳೆಯದಿರಲಿ, ನಮ್ಮ ಕಾಲಕ್ಕೆ ಬರೋಣ. ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರಿಗೆ ಎಂಜಿನಿಯರಿಂಗ್ ಪದವಿ ಇಲ್ಲ. ಅವರು ರೈತರ ಹೊಲದ ತೊಡಕುಗಳನ್ನೇ ಪ್ರಶ್ನೆಪತ್ರಿಕೆ ಮಾಡಿಕೊಂಡವರು. ಹುಣಸೆಹಣ್ಣಿನಿಂದ ಬೀಜ ಬೇರ್ಪಡಿಸುವ ಯಂತ್ರ, ಬಿತ್ತನೆಯ ಜೊತೆಗೇ ಗೊಬ್ಬರ ಹಾಕುವ ಕೂರಿಗೆ, ಕಬ್ಬು ನಾಟಿ ಮಾಡುವ ಯಂತ್ರ ಹೀಗೆ ಒಂದೊಂದಾಗಿ ಕಟ್ಟಿದರು. 2015ರಲ್ಲಿ ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನದ ಜೀವಮಾನ ಸಾಧನೆ ಪ್ರಶಸ್ತಿ, 2022ರಲ್ಲಿ ಪದ್ಮಶ್ರೀ ಬಂತು. ಮುಧೋಳ, ಜಮಖಂಡಿಗಳು ಕಬ್ಬಿನ ಸೀಮೆ; ಸಮೀರವಾಡಿಯಿಂದ ಹಿಡಿದು ಕಾರ್ಖಾನೆಗಳ ಚಿಮಣಿಗಳು ಇಲ್ಲಿ ಊರಿಂದ ಊರಿಗೆ ಕಾಣುತ್ತವೆ. ಕಬ್ಬು ನಾಟಿಗೆ ಆಳು ಸಿಗದೆ ಪರದಾಡುವ ರೈತನಿಗೆ ಇಂಥ ಯಂತ್ರದ ಬೆಲೆ ಯಾರೂ ಹೇಳಿಕೊಡಬೇಕಾಗಿಲ್ಲ. ಯಂತ್ರ ಕಂಡುಹಿಡಿದವನ ಧರ್ಮ ಯಾವುದೆಂದು ಕೇಳಿ ಯಾವ ರೈತನೂ ಅದನ್ನು ಹೊಲಕ್ಕಿಳಿಸುವುದಿಲ್ಲ. ಹೊಲದಲ್ಲಿರುವ ಈ ಸಹಜ ಒಪ್ಪಿಗೆ ಸನ್ಮಾನದ ವೇದಿಕೆಗೂ ಶಾಲೆಯ ಗೋಡೆಗೂ ಬರಬೇಕು. ನಡಕಟ್ಟಿನರ ಚಿತ್ರವನ್ನು ಮುಸ್ಲಿಂ ಮಕ್ಕಳಿಗೆ ತೋರಿಸುವಷ್ಟೇ ಅಗತ್ಯವಾಗಿ ರೈತ ಮನೆತನದ ಎಲ್ಲ ಮಕ್ಕಳಿಗೂ ತೋರಿಸಬೇಕು.

ರಬಕವಿ-ಬನಹಟ್ಟಿಯ ವಿಷಯದಲ್ಲಿ ಈ ಮಾತಿಗೆ ಇನ್ನೂ ಹೆಚ್ಚಿನ ತೂಕವಿದೆ. ಇಲ್ಲಿನ ಬದುಕು ಮಗ್ಗದ ಸದ್ದಿನ ಮೇಲೆ ನಡೆಯುವಂಥದ್ದು. ದೇವಾಂಗ, ಹಟಗಾರ, ಕುರುಹಿನಶೆಟ್ಟಿ, ಪದ್ಮಸಾಲಿ, ಸ್ವಕುಳಸಾಳಿ ಹೀಗೆ ಹಲವು ನೇಕಾರ ಸಮುದಾಯಗಳು ಇಲ್ಲಿವೆ. ಮಗ್ಗವನ್ನೇ ನಂಬಿದ ಬೇರೆ ಮನೆಗಳೂ ಇವೆ. ಹಾಸು ಹೂಡುವುದು, ಹೊಕ್ಕಿನ ಲೆಕ್ಕ ಹಿಡಿಯುವುದು, ಹಣಿಗೆಯ ಸಂಖ್ಯೆಗೆ ತಕ್ಕಂತೆ ನೂಲು ಆಯುವುದು, ಸೆರಗಿನ ವಿನ್ಯಾಸವನ್ನು ಎಳೆ ಎಳೆಯಾಗಿ ಬಿಡಿಸಿ ನೋಡುವುದು ಇವೆಲ್ಲ ಗಣಿತವೇ. 1804ರಲ್ಲಿ ಫ್ರಾನ್ಸಿನ ಲಿಯಾನ್ ನಗರದ ಜೋಸೆಫ್ ಮರೀ ಜಕಾರ್ಡ್ ರೂಪಿಸಿದ ಮಗ್ಗ ರಟ್ಟಿನ ಕಾರ್ಡುಗಳಲ್ಲಿ ಕೊರೆದ ತೂತುಗಳನ್ನು ಓದಿ ವಿನ್ಯಾಸ ನೇಯುತ್ತಿತ್ತು. ತೂತು ಇದ್ದರೆ ಎಳೆ ಮೇಲೇಳುತ್ತದೆ, ಇಲ್ಲದಿದ್ದರೆ ಇಲ್ಲ. ಅದೇ ಕಾರ್ಡುಗಳನ್ನು ಲೆಕ್ಕದ ಯಂತ್ರಕ್ಕೆ ಬಳಸಬಹುದೆಂದು ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ಯೋಚಿಸಿದ. ತೂತಿನ ಕಾರ್ಡುಗಳಿಂದಲೇ ಹರ್ಮನ್ ಹಾಲರಿತ್ 1890ರ ಅಮೆರಿಕದ ಜನಗಣತಿಯನ್ನು ಎಣಿಸಿದ. ಅವನ ಕಂಪನಿ ಮುಂದೆ ಐಬಿಎಂ ಆದ ಸಂಸ್ಥೆಯಲ್ಲಿ ಸೇರಿಹೋಯಿತು. ಕಂಪ್ಯೂಟರಿನ ವಂಶಾವಳಿಯಲ್ಲಿ ಮಗ್ಗಕ್ಕೆ ಹೀಗೆ ಹಿರಿಯರ ಸ್ಥಾನವಿದೆ. ಬನಹಟ್ಟಿಯ ಮಗ್ಗದ ಮನೆಯ ಹುಡುಗ ಕಂಪ್ಯೂಟರ್ ಸೈನ್ಸ್ ಸೀಟು ಪಡೆದಾಗ ಅವನು ಅಪರಿಚಿತ ಲೋಕಕ್ಕೆ ಕಾಲಿಡುತ್ತಿಲ್ಲ, ತನ್ನ ಮನೆಯ ವಿದ್ಯೆಯ ಮುಂದಿನ ಅಧ್ಯಾಯಕ್ಕೆ ಹೋಗುತ್ತಿದ್ದಾನೆ ಎಂದು ಯಾರಾದರೂ ಅವನಿಗೆ ಹೇಳಬೇಕು. ಮಗ್ಗ ಕೆಟ್ಟಾಗ ಬಂದು ಸದ್ದು ಕೇಳಿಯೇ ದೋಷ ಹಿಡಿಯುವ ಜಾಬರನನ್ನೂ ಒಮ್ಮೆ ವೇದಿಕೆಗೆ ಕರೆಯಬೇಕು. ಅವನ ಕೈಯಲ್ಲಿರುವುದು ಯಂತ್ರಜ್ಞಾನ. ಅವನ ಬಳಿ ಇಲ್ಲದ್ದು ಸರ್ಟಿಫಿಕೇಟ್ ಒಂದೇ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ಗಂಭೀರವಾದದ್ದೇ. ವಿಜ್ಞಾನಕ್ಕೆ ಜಾತಿಯಿಲ್ಲ, ಧರ್ಮವಿಲ್ಲ. ವಿಜ್ಞಾನಿಯನ್ನು ಅಲ್ಪಸಂಖ್ಯಾತ ಎಂದು ಕರೆದು ಕೊಂಡಾಡುವುದು ಅವನ ವಿದ್ಯೆಯನ್ನೇ ಕುಗ್ಗಿಸಿದಂತಲ್ಲವೇ ಎಂಬುದು ಆ ಆಕ್ಷೇಪ. ಸಿದ್ಧಾಂತಕ್ಕೆ ಧರ್ಮವಿಲ್ಲ ಎಂಬುದು ಪೂರ್ತಿ ನಿಜ. ಪ್ರಯೋಗಶಾಲೆಯ ಬಾಗಿಲಿನ ವಿಷಯ ಹಾಗಲ್ಲ. 1933ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಬಿಎಸ್ಸಿಯಲ್ಲಿ ಮೊದಲಿಗಳಾಗಿ ಬಂದ ಕಮಲಾ ಭಾಗವತ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದಾಗ ನಿರ್ದೇಶಕರಾಗಿದ್ದ ಸಿ.ವಿ. ರಾಮನ್ ಹೆಣ್ಣು ಎಂಬ ಕಾರಣಕ್ಕೆ ಒಲ್ಲೆ ಎಂದರು. ಆಕೆ ಪಟ್ಟು ಹಿಡಿದ ಮೇಲೆ ಒಂದು ವರ್ಷ ಪರೀಕ್ಷಾರ್ಥವಾಗಿ ಎಂಬ ಷರತ್ತಿನ ಮೇಲೆ ಒಳಗೆ ಬಿಟ್ಟರು. ಮುಂದೆ ಕಮಲಾ ಸೊಹೊನಿ ಎಂದು ಹೆಸರಾದ ಆಕೆ 1939ರಲ್ಲಿ ಕೇಂಬ್ರಿಜಿನಿಂದ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಮೊದಲ ಭಾರತೀಯ ಮಹಿಳೆಯಾದರು. ನಮ್ಮ ಭಾಗದಲ್ಲಿಯೇ, ಹುಬ್ಬಳ್ಳಿಯ ಬಿವಿಬಿ ಎಂಜಿನಿಯರಿಂಗ್ ಕಾಲೇಜಿಗೆ 1960ರ ದಶಕದ ಕೊನೆಗೆ ಸೇರಿದ ಸುಧಾ ಕುಲಕರ್ಣಿ, ಇಂದಿನ ಸುಧಾ ಮೂರ್ತಿ, ಗಂಡುಹುಡುಗರೇ ತುಂಬಿದ್ದ ತರಗತಿಯಲ್ಲಿ ಒಬ್ಬರೇ ಹುಡುಗಿ. ಈ ಇಬ್ಬರ ವಿದ್ಯೆಗೂ ಹೆಣ್ಣುತನಕ್ಕೂ ಸಂಬಂಧವಿಲ್ಲ. ಅವರು ಎದುರಿಸಿದ ಅಡ್ಡಿಗೆ ಮಾತ್ರ ನೇರ ಸಂಬಂಧವಿದೆ. ಗೆದ್ದವರ ಗುರುತನ್ನು ಅಳಿಸಿ ಗೆಲುವನ್ನಷ್ಟೇ ಹೇಳಿದರೆ ಅಡ್ಡಿಯೂ ಕಾಣೆಯಾಗುತ್ತದೆ, ಹಿಂದೆ ಬರುವವರು ಅದೇ ಅಡ್ಡಿಯನ್ನು ಎಡವುತ್ತಾರೆ.

ಅಲ್ಪಸಂಖ್ಯಾತರ ಮುಂದೆ ಅಂಥ ಅಡ್ಡಿ ಈಗ ಉಳಿದಿಲ್ಲ ಎನ್ನುವವರಿಗೆ ಅಂಕಿಸಂಖ್ಯೆಯೇ ಉತ್ತರ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಮುಸ್ಲಿಮರ ಪಾಲು ಶೇ 14.2, ಕರ್ನಾಟಕದಲ್ಲಿ ಶೇ 12.9. ಕೇಂದ್ರ ಶಿಕ್ಷಣ ಸಚಿವಾಲಯದ 2020-21ರ ಉನ್ನತ ಶಿಕ್ಷಣ ಸಮೀಕ್ಷೆಯಂತೆ ದೇಶದ ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಓದುತ್ತಿದ್ದವರಲ್ಲಿ ಮುಸ್ಲಿಂ ವಿದ್ಯಾರ್ಥಿಗಳು ಶೇ 4.6 ಮಾತ್ರ. ಹಿಂದಿನ ವರ್ಷ ಸುಮಾರು 21 ಲಕ್ಷ ಇದ್ದವರು ಕೋವಿಡ್ ವರ್ಷದಲ್ಲಿ ಸುಮಾರು 19 ಲಕ್ಷಕ್ಕೆ ಇಳಿದರು. ಇದಾದ ಮೇಲೆ, 2022-23ರಿಂದ, ಒಂದರಿಂದ ಎಂಟನೆಯ ತರಗತಿಯ ಅಲ್ಪಸಂಖ್ಯಾತ ಮಕ್ಕಳಿಗೆ ಕೊಡುತ್ತಿದ್ದ ಕೇಂದ್ರದ ವಿದ್ಯಾರ್ಥಿವೇತನ ನಿಂತಿತು. ಸಂಶೋಧನಾ ವಿದ್ಯಾರ್ಥಿಗಳ ಮೌಲಾನಾ ಆಜಾದ್ ಫೆಲೋಶಿಪ್ಪೂ ನಿಂತಿತು. ವಿಜ್ಞಾನದಲ್ಲಿ ಮುಂದೆ ಹೋಗಬೇಕಾದವರ ಏಣಿಯ ಕೆಳಗಿನ ಮೆಟ್ಟಿಲೂ ಮೇಲಿನ ಮೆಟ್ಟಿಲೂ ಒಟ್ಟಿಗೇ ಹೋದವು. ರಾಜ್ಯದಲ್ಲಿ 1995ರಿಂದ ಮುಸ್ಲಿಮರಿಗಿದ್ದ ಪ್ರವರ್ಗ 2ಬಿಯ ಶೇ 4 ಮೀಸಲಾತಿಯನ್ನು ತೆಗೆಯಲು 2023ರ ಮಾರ್ಚಿನಲ್ಲಿ ಆಗಿನ ಸರಕಾರ ಆದೇಶ ಹೊರಡಿಸಿತು. ಸುಪ್ರೀಂ ಕೋರ್ಟಿನ ಮುಂದೆ ಅದನ್ನು ಸದ್ಯಕ್ಕೆ ಜಾರಿ ಮಾಡುವುದಿಲ್ಲ ಎಂದು ಹೇಳಬೇಕಾಯಿತು. ಸಿಇಟಿ ಕೌನ್ಸೆಲಿಂಗಿನ ಹೊತ್ತಿಗೆ ಮಗಳಿಗೆ ಸೀಟು ಸಿಗುತ್ತದೋ ಇಲ್ಲವೋ ಎಂಬ ಆತಂಕದಲ್ಲಿ ಕೂತ ಮನೆಗಳಿಗೆ ಇವು ಬರೀ ರಾಜಕೀಯದ ಸುದ್ದಿಗಳಲ್ಲ.

ಮೀಸಲಾತಿಯ ಮಾತು ಬಂದೊಡನೆ ಗುಣಮಟ್ಟದ ಮಾತೂ ಬರುತ್ತದೆ. ರಿಯಾಯಿತಿಯಲ್ಲಿ ಬಂದವರನ್ನು ಕೊಂಡಾಡಿದರೆ ಯೋಗ್ಯತೆಗೆ ಬೆಲೆ ಎಲ್ಲಿ ಎನ್ನುತ್ತಾರೆ. ಊಹೆಯಿಂದ ಉತ್ತರಿಸುವುದು ಬೇಡ. ಅರ್ಥಶಾಸ್ತ್ರಜ್ಞರಾದ ಅಶ್ವಿನಿ ದೇಶಪಾಂಡೆ ಮತ್ತು ಥಾಮಸ್ ವೈಸ್‌ಕಾಫ್ ಭಾರತೀಯ ರೈಲ್ವೆಯ 1980ರಿಂದ 2002ರವರೆಗಿನ ದತ್ತಾಂಶವನ್ನು ಜಾಲಾಡಿ 2014ರಲ್ಲಿ ಅಧ್ಯಯನ ಪ್ರಕಟಿಸಿದರು. ಮೀಸಲಾತಿಯಿಂದ ಬಂದ ಪರಿಶಿಷ್ಟ ಜಾತಿ, ಪಂಗಡಗಳ ನೌಕರರ ಪ್ರಮಾಣ ಹೆಚ್ಚಿದ್ದ ಕಡೆ ಕೆಲಸದ ದಕ್ಷತೆ ಕುಗ್ಗಿದ್ದಕ್ಕೆ ಯಾವ ಪುರಾವೆಯೂ ಅವರಿಗೆ ಸಿಗಲಿಲ್ಲ. ಮೇಲಿನ ಹುದ್ದೆಗಳಲ್ಲಿ ಕೆಲವು ಕಡೆ ದಕ್ಷತೆ ಹೆಚ್ಚಿದ ಸೂಚನೆಯೇ ಸಿಕ್ಕಿತು. ನಮ್ಮ ನೆರೆಯ ಇತಿಹಾಸದಲ್ಲೂ ಮೀಸಲಾತಿಯ ಒಂದು ಮಾದರಿಯಿದೆ. ಜಮಖಂಡಿ, ಮುಧೋಳಗಳು ಸಂಸ್ಥಾನಗಳಾಗಿದ್ದ ಕಾಲದಲ್ಲಿ, 1902ರ ಜುಲೈ 26ರಂದು, ನೆರೆಯ ಕೊಲ್ಹಾಪುರದ ಶಾಹು ಮಹಾರಾಜರು ಖಾಲಿ ಹುದ್ದೆಗಳಲ್ಲಿ ಅರ್ಧದಷ್ಟನ್ನು ಹಿಂದುಳಿದವರಿಗೆ ಮೀಸಲಿಟ್ಟರು. ಅವರು ಹುದ್ದೆ ಮೀಸಲಿಟ್ಟು ಸುಮ್ಮನಾಗಲಿಲ್ಲ. ಜೈನರು, ಮುಸ್ಲಿಮರು, ಲಿಂಗಾಯತರು, ಅಸ್ಪೃಶ್ಯರೆನಿಸಿಕೊಂಡವರು ಹೀಗೆ ಬೇರೆ ಬೇರೆ ಸಮುದಾಯಗಳ ವಿದ್ಯಾರ್ಥಿನಿಲಯಗಳಿಗೆ ಜಾಗ, ಧನಸಹಾಯ ಕೊಟ್ಟರು. ನಿಲಯ ಸಮುದಾಯದ್ದು, ಹಣ ಸಂಸ್ಥಾನದ ಬೊಕ್ಕಸದ್ದು. ನನ್ನ ವಾದಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಬೇಕಿಲ್ಲ: ಹೊಣೆಯನ್ನು ಒಂದು ಸಮುದಾಯದ ಹೆಗಲಿಗೆ ಬಿಡದೆ ನಾಡು ಹೊತ್ತುಕೊಂಡಿತು.

ಇನ್ನೊಂದು ಆಕ್ಷೇಪ ಸಮುದಾಯದೊಳಗಿನಿಂದಲೇ ಬರುತ್ತದೆ, ಅದಕ್ಕೆ ನಾನು ಅರ್ಧ ಒಪ್ಪುತ್ತೇನೆ. ಒಬ್ಬ ಸಾಧಕನನ್ನು ಎತ್ತಿ ಹಿಡಿದರೆ ಉಳಿದ ಮಕ್ಕಳ ಮೇಲೆ ಭಾರ ಬೀಳುತ್ತದೆ. ಅವನಿಗೆ ಆಗಿದ್ದು ನಿನಗೇಕೆ ಆಗದು ಎಂದು ಮನೆಮಂದಿ ಕೇಳುತ್ತಾರೆ. ಒಬ್ಬ ಬಂದನಲ್ಲ, ಇನ್ನೇನು ಕೊರತೆ ಎಂದು ಸರಕಾರ ಕೈಚೆಲ್ಲುತ್ತದೆ. ಎ.ಪಿ.ಜೆ. ಅಬ್ದುಲ್ ಕಲಾಂ ಅವರ ಭಾವಚಿತ್ರ ಇಲ್ಲದ ಶಾಲೆ ನಮ್ಮಲ್ಲಿ ಅಪರೂಪ. ರಾಮೇಶ್ವರದ ದೋಣಿಯವರ ಮಗ ರಾಷ್ಟ್ರಪತಿಯಾದ ಕಥೆ ಮಕ್ಕಳಿಗೆ ಬಾಯಿಪಾಠ. ಆದರೂ ಆ ಎತ್ತರ ತೀರ ದೂರದ್ದು. ಮಹಾಲಿಂಗಪುರದ ಹುಡುಗಿಗೆ ನಾಳೆ ಯಾವ ಫಾರ್ಮ್ ತುಂಬಬೇಕು ಎಂಬುದನ್ನು ಅದು ಹೇಳಿಕೊಡುವುದಿಲ್ಲ. ಹತ್ತಿರದ ಮಾದರಿ ಎಷ್ಟು ದೊಡ್ಡ ಕೆಲಸ ಮಾಡುತ್ತದೆ ಎಂಬುದಕ್ಕೆ ಅಧ್ಯಯನಗಳಿವೆ. ಅಮೆರಿಕದಲ್ಲಿ ಅಲೆಕ್ಸ್ ಬೆಲ್, ರಾಜ್ ಚೆಟ್ಟಿ ಮೊದಲಾದವರು 12 ಲಕ್ಷ ಪೇಟೆಂಟುದಾರರ ದಾಖಲೆಗಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟಿಸಿದ ಸಂಶೋಧನೆಯಂತೆ, ಗಣಿತದಲ್ಲಿ ಸಮಾನವಾಗಿ ಜಾಣರಾದ ಮಕ್ಕಳಲ್ಲೂ ಆವಿಷ್ಕಾರಕರನ್ನು ಕಂಡು ಬೆಳೆದವರೇ ಹೆಚ್ಚಾಗಿ ಆವಿಷ್ಕಾರಕರಾದರು. ಮಹಿಳಾ ಆವಿಷ್ಕಾರಕರಿದ್ದ ಊರಿನ ಹುಡುಗಿಯರು ಅದೇ ಕ್ಷೇತ್ರದಲ್ಲಿ ಹೆಚ್ಚಾಗಿ ಪೇಟೆಂಟ್ ಪಡೆದರು. ಅಲ್ಲಿ ಗಂಡಸರು ಎಷ್ಟು ಮಂದಿ ಇದ್ದರೂ ಹುಡುಗಿಯರ ಮೇಲೆ ಅದರ ಪರಿಣಾಮವಾಗಲಿಲ್ಲ. ಪಶ್ಚಿಮ ಬಂಗಾಳದ ಪಂಚಾಯತಿಗಳಲ್ಲಿ ಮೀಸಲಾತಿಯಿಂದ ಮಹಿಳೆಯರು ಅಧ್ಯಕ್ಷರಾದ ಹಳ್ಳಿಗಳಲ್ಲಿ ಹೆಣ್ಣುಮಕ್ಕಳ ಓದಿನ ಬಗ್ಗೆ ತಂದೆತಾಯಿಯ ಕನಸೂ ಮಕ್ಕಳ ಕನಸೂ ಎತ್ತರವಾದದ್ದನ್ನು ಎಸ್ತರ್ ಡುಫ್ಲೋ ಮತ್ತು ಸಂಗಡಿಗರು 2012ರಲ್ಲಿ ತೋರಿಸಿದರು.

ಆದ್ದರಿಂದ ಭಾರ ಹೊರಿಸದೆ ದಾರಿ ತೋರಿಸುವ ಕೊಂಡಾಟ ಹೇಗಿರಬೇಕು ಎಂಬುದೇ ಪ್ರಶ್ನೆ. 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ-ಎಲ್1ರ ಯೋಜನಾ ನಿರ್ದೇಶಕಿ ನಿಗಾರ್ ಶಾಜಿ ಅವರನ್ನೇ ತೆಗೆದುಕೊಳ್ಳಿ. ತಮಿಳುನಾಡಿನ ಸೆಂಗೋಟ್ಟೈನ ಕೃಷಿಕ ಕುಟುಂಬದ ಮಗಳು, ಊರಿನದೇ ಶಾಲೆಯಲ್ಲಿ ಓದಿ, ತಿರುನೆಲ್ವೇಲಿಯ ಸರಕಾರಿ ಎಂಜಿನಿಯರಿಂಗ್ ಕಾಲೇಜಿಗೆ ಹೋಗಿ, ರಾಂಚಿ ಹತ್ತಿರದ ಮೆಸ್ರಾದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ, 1987ರಲ್ಲಿ ಇಸ್ರೊ ಸೇರಿ, ಬೆಂಗಳೂರಿನ ಉಪಗ್ರಹ ಕೇಂದ್ರದಲ್ಲಿ ದಶಕಗಳ ಕಾಲ ದುಡಿದವರು. ಈ ಒಂದು ವಾಕ್ಯದಲ್ಲಿ ಒಬ್ಬ ಹುಡುಗಿಗೆ ಬೇಕಾದ ಮಾಹಿತಿ ಎಲ್ಲ ಇದೆ: ಸಣ್ಣ ಊರು, ದುಬಾರಿಯಲ್ಲದ ಕಾಲೇಜು, ಒಂದೊಂದೇ ಹಂತ, ಅವಸರವಿಲ್ಲದ ವರ್ಷಗಳು. ನಮ್ಮ ಪ್ರತಿಭಾ ಪುರಸ್ಕಾರದ ಆಮಂತ್ರಣ ಪತ್ರಿಕೆಗಳಲ್ಲಿ ಅತಿಥಿಗಳ ಹೆಸರು ದಪ್ಪ ಅಕ್ಷರದಲ್ಲಿರುತ್ತದೆ, ಮಗುವಿನ ಹೆಸರಿನ ಮುಂದೆ ಶೇಕಡಾ ಅಂಕ ಮಾತ್ರ ಇರುತ್ತದೆ. ಅವಳು ಯಾವ ಸರಕಾರಿ ಶಾಲೆಯವಳು, ಮೊರಾರ್ಜಿ ವಸತಿಶಾಲೆಯಲ್ಲಿದ್ದಳೇ, ಅರಿವು ಯೋಜನೆಯ ಶಿಕ್ಷಣ ಸಾಲ ಪಡೆದಳೇ, ಯಾವ ವಾರ್ಡನ್ ಕಾಗದಪತ್ರ ಮಾಡಿಸಿಕೊಟ್ಟರು, ಪಿಯುಸಿಯಲ್ಲಿ ಕನ್ನಡ ಮಾಧ್ಯಮದಿಂದ ಇಂಗ್ಲಿಷಿಗೆ ಹೊರಳುವಾಗ ಯಾವ ಉಪನ್ಯಾಸಕರು ಕೈಹಿಡಿದರು ಎಂಬುದು ಎಲ್ಲಿಯೂ ದಾಖಲಾಗುವುದಿಲ್ಲ. ಹೀಗಾಗಿ ಮರುವರ್ಷದ ಹುಡುಗಿ ಮತ್ತೆ ಮೊದಲಿನಿಂದ ಹುಡುಕಾಟ ಶುರುಮಾಡುತ್ತಾಳೆ. ಆಲಮಟ್ಟಿ ಹಿನ್ನೀರಿಗೆ ಹೊಲಮನೆ ಬಿಟ್ಟುಕೊಟ್ಟ ಬೀಳಗಿ ತಾಲ್ಲೂಕಿನ ಪುನರ್ವಸತಿ ಕೇಂದ್ರಗಳ ಮಕ್ಕಳಿಗೆ, ತಂದೆಯ ಹೆಸರಿನ ಕಾಲಮ್ಮಿನ ಮುಂದೆ ಪೆನ್ನು ನಿಲ್ಲಿಸುವ ಮಾಜಿ ದೇವದಾಸಿಯರ ಮಕ್ಕಳಿಗೆ ಇಂಥ ದಾಖಲೆ ಎಲ್ಲರಿಗಿಂತ ಹೆಚ್ಚು ಬೇಕು. ಸರಕಾರದ ಎರಡು ಸಮೀಕ್ಷೆಗಳಲ್ಲಿ ರಾಜ್ಯದಲ್ಲಿ ಗುರುತಿಸಲಾದ ಮಾಜಿ ದೇವದಾಸಿಯರು 46,660. ಅವರಲ್ಲಿ ಬಹುಪಾಲು ಉತ್ತರ ಕರ್ನಾಟಕದವರು.

ಇಡೀ ಸೀಮೆ ಒಬ್ಬ ಅಲ್ಪಸಂಖ್ಯಾತ ಸಾಧಕನನ್ನು ತನ್ನವನೆಂದು ಅಪ್ಪಿಕೊಂಡ ನಿದರ್ಶನ ನಮ್ಮ ಕಣ್ಣಮುಂದೆಯೇ ಇದೆ. ಮಹಾಲಿಂಗಪುರದ ಇಬ್ರಾಹಿಂ ಸುತಾರ ಭಜನೆ, ಪ್ರವಚನಗಳಿಂದ ಕನ್ನಡದ ಕಬೀರ ಎನಿಸಿಕೊಂಡರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗಲೂ, 2022ರ ಫೆಬ್ರವರಿಯಲ್ಲಿ ಅವರು ತೀರಿಕೊಂಡಾಗಲೂ ಅವರು ಯಾವ ಸಮಾಜದವರು ಎಂದು ಈ ಭಾಗದ ಜನ ವಿಂಗಡಿಸಲಿಲ್ಲ. ಅದೇ 2018ರಲ್ಲಿ ದೇವದಾಸಿ ಪದ್ಧತಿಯಿಂದ ಹೊರಬಂದು ಘಟಪ್ರಭಾದಲ್ಲಿ ಸಂಸ್ಥೆ ಕಟ್ಟಿದ ಸೀತವ್ವ ಜೋಡಟ್ಟಿ ಅವರಿಗೂ ಪದ್ಮಶ್ರೀ ಬಂತು. ವಿಜಯಪುರದಲ್ಲಿ ನೇಕಾರ ಮನೆತನದ ಫ.ಗು. ಹಳಕಟ್ಟಿಯವರ ಹೆಸರಿನ ಎಂಜಿನಿಯರಿಂಗ್ ಕಾಲೇಜಿದೆ. ವಚನಗಳನ್ನು ಹುಡುಕಿ ತಂದವರ, 1910ರಲ್ಲಿ ಬಿಎಲ್‌ಡಿಇ ಸಂಸ್ಥೆಗೆ ಬುನಾದಿ ಹಾಕಿದವರ ಹೆಸರು ಅದು. ಭಕ್ತಿಯಲ್ಲಿ, ಸೇವೆಯಲ್ಲಿ, ಸಾಹಿತ್ಯದಲ್ಲಿ ತೋರಿದ ಈ ದೊಡ್ಡಗುಣವನ್ನು ವಿಜ್ಞಾನ, ತಂತ್ರಜ್ಞಾನ, ಉದ್ಯೋಗಗಳ ಕಡೆಗೂ ಚಾಚಿದರೆ ಸಾಕು.

ಸಮಾಜಗಳ ಮುಖಂಡರಲ್ಲಿ ಕೇಳಿಕೊಳ್ಳುವುದು ಇಷ್ಟು: ಬರುವ ವರ್ಷದ ಪುರಸ್ಕಾರ ಸಮಾರಂಭಕ್ಕೆ ಬೇರೆ ಸಮಾಜದ ಮಕ್ಕಳನ್ನೂ ಅವರ ತಂದೆತಾಯಿಯನ್ನೂ ಕರೆಯಿರಿ, ಅವರ ಶಿಕ್ಷಕರನ್ನೂ ವಾರ್ಡನ್‌ರನ್ನೂ ವೇದಿಕೆಯ ಮೇಲೆ ಕೂಡಿಸಿರಿ. ನಗರಸಭೆ, ಪುರಸಭೆಗಳು ಒಂದು ದಿನ ಗೊತ್ತುಮಾಡಿ ಊರಿನ ಹೆಸರಿನಲ್ಲಿಯೇ ಒಂದು ಸಮಾರಂಭ ನಡೆಸಲಿ. ದಾಖಲೆಯ ಕೆಲಸಕ್ಕೆ ಜಮಖಂಡಿಯಲ್ಲಿ ಒಂದು ವಿಶ್ವವಿದ್ಯಾಲಯವೇ ಇದೆ. ಅದು ಹೊಸದಾದ ಬಾಗಲಕೋಟೆ ವಿಶ್ವವಿದ್ಯಾಲಯ.  ಈ ನಾಲ್ಕು ತಾಲ್ಲೂಕುಗಳಲ್ಲಿ ಮನೆಯ ಮೊದಲ ಎಂಜಿನಿಯರ್, ಮೊದಲ ಡಾಕ್ಟರ್, ಮೊದಲ ಸಂಶೋಧಕಿ ಆದವರು ಯಾರು, ಹೇಗೆ ಆದರು ಎಂಬುದನ್ನು ಅದರ ವಿದ್ಯಾರ್ಥಿಗಳು ಮನೆಮನೆಗೆ ಹೋಗಿ, ಅವರ ಒಪ್ಪಿಗೆ ಪಡೆದು ಬರೆದು, ಪ್ರತಿ ಪ್ರೌಢಶಾಲೆಗೂ ಒಂದು ಪ್ರತಿ ಕಳಿಸಲಿ. ಆ ಕೆಲಸವನ್ನು ಈ ಶೈಕ್ಷಣಿಕ ವರ್ಷದಲ್ಲಿಯೇ ಶುರುಮಾಡಲಿ.